ಕಾಗದದ ಹಿಂಬದಿಯಲ್ಲಿ ಉಳಿದ ಮಂಗಳೂರು

ಹಳೆಯ ಕಾಗದಪತ್ರ ತಂದುಕೊಡುವವರು ಹೆಚ್ಚಾಗಿ ಮನೆಯಲ್ಲೇ ಆರಿಸಿ ತರುತ್ತಾರೆ. ಕ್ರಯಪತ್ರ ಇರುತ್ತದೆ, ದಾನಪತ್ರ ಇರುತ್ತದೆ. ಲೆಕ್ಕದ ಚೀಟಿಗಳು ಎಲ್ಲಿ ಅಂದರೆ, ‘ಅವೆಲ್ಲ ಸುಮ್ನೆ ಕಸ, ಒಲೆಗೆ ಹಾಕಿದೆವು’ ಅನ್ನುತ್ತಾರೆ. ಕೇಳಿ ಸಂಕಟವಾಗುತ್ತದೆ. ಅಂಥವರಿಗೆ ನಾನು ಕೈರೋದ ಗೆನೀಜಾದ, ಅಂದರೆ ಯಹೂದಿಗಳು ಹಳೆಯ ಬರಹ ಕೂಡಿಟ್ಟ ಕೋಣೆಯ ವಿಷಯ ಹೇಳುತ್ತೇನೆ.

ದೇವರ ಹೆಸರಿರುವ ಬರಹವನ್ನು ಯಹೂದಿಗಳು ಸುಡುವುದಿಲ್ಲ, ಬಿಸಾಡುವುದಿಲ್ಲ. ಒಂದು ಕಡೆ ಕೂಡಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾಮಂದಿರದಲ್ಲಿ) ಮಾತ್ರ ಆ ರಾಶಿ ಕೋಣೆಯಲ್ಲೇ ಶತಮಾನಗಟ್ಟಲೆ ಉಳಿಯಿತು. ಹೀಬ್ರೂ ಲಿಪಿಯಲ್ಲಿದ್ದದ್ದೆಲ್ಲ ಅಲ್ಲಿಗೆ ಬಿತ್ತು: ಪ್ರಾರ್ಥನೆ, ಮದುವೆ ಕರಾರು, ಸಾಲದ ಚೀಟಿ, ವ್ಯಾಪಾರದ ಪತ್ರ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ವಾಂಸ ಸೊಲೊಮನ್ ಶೆಕ್ಟರ್ 1897ರಲ್ಲಿ ಅದರಿಂದ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಕಳಿಸಿದರು. ಉಳಿದವು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಚದುರಿಹೋದವು.

ಆ ರಾಶಿಯಲ್ಲಿ ನಮ್ಮ ಮಂಗಳೂರೂ ಇದೆ. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 12ನೇ ಶತಮಾನದಲ್ಲಿ ಅಲ್ಲಿ ವರ್ಷಗಟ್ಟಲೆ ಇದ್ದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಯೆಮನ್‌ನ ಬಂದರು ಏಡನ್‌ನವರು ಒಡೆದ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲಿ 1132ರ ಅಕ್ಟೋಬರ್‌ನಲ್ಲಿ ಬರೆದದ್ದು. ಅವಳನ್ನೇ ಮದುವೆಯಾದ ಎಂದು ವಿದ್ವಾಂಸರು ಊಹಿಸುತ್ತಾರೆ.

ಇವನ ಪತ್ರಗಳನ್ನು ಹುಡುಕಿ ಓದಿದ ದೊಡ್ಡ ಸಂಶೋಧಕರು ಎಸ್. ಡಿ. ಗೊಯ್ಟೈನ್. ಓದುವುದು ಸಲೀಸಲ್ಲ. ಭಾಷೆ ಅರಬ್ಬಿ, ಲಿಪಿ ಹೀಬ್ರೂ, ಸ್ವರಗಳನ್ನು ಪೂರ್ತಿ ಬರೆಯುವ ರೂಢಿಯಿಲ್ಲ. ವ್ಯಾಪಾರಕ್ಕೆ ಏಡನ್‌ಗೆ ಹೋಗಿಬರುತ್ತಿದ್ದ ಅವನ ಆಳಿನ ಹೆಸರು ಬ-ಮ-ಹ ಎಂಬ ಮೂರೇ ಅಕ್ಷರ. ಬರೀ ಅರಬ್ಬಿ ಬಲ್ಲವರಿಗೆ ಅದು ಒಗಟು. ತುಳುನಾಡಿನ ಹೆಸರು ಬಲ್ಲವರಿಗೆ ‘ಬೊಮ್ಮ’ ಅಂತ ಹೊಳೆಯುತ್ತದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಕಾಗದದ ಹಿಂಬದಿ. ಆಗ ಮಂಗಳೂರಿನಲ್ಲಿ ಕಾಗದ ಸುಲಭಕ್ಕೆ ಸಿಗುತ್ತಿರಲಿಲ್ಲ. ಏಡನ್‌ನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ ಜೊತೆ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಬಂದ ಪತ್ರದ ಖಾಲಿ ಜಾಗದಲ್ಲೇ ಬೆನ್ ಯಿಜು ಲೆಕ್ಕ, ಕರಡು ಬರೆದುಕೊಳ್ಳುತ್ತಿದ್ದ. ಹಾಗಾಗಿ ಒಂದೇ ಹಾಳೆಯಲ್ಲಿ ಎರಡು ದಾಖಲೆ. ಕೇಂಬ್ರಿಜ್‌ನಲ್ಲಿ ತುಣುಕುಗಳನ್ನು ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟಿರುವುದರಿಂದ ಎರಡೂ ಬದಿ ಓದಬಹುದು. ಫೋಟೋಗಳು ಆನ್‌ಲೈನ್‌ಗೆ ಬಂದಮೇಲೆ, ಒಂದೇ ಹಾಳೆಯ ತುಂಡುಗಳು ಎರಡು ದೇಶಗಳಲ್ಲಿದ್ದರೂ ಕೈಬರಹ, ಸಾಲಿನ ಅಂತರ ನೋಡಿ ಜೋಡಿಸುತ್ತಿದ್ದಾರೆ.

ಆದ್ದರಿಂದ ನಿಮ್ಮ ಮನೆಯ ಕಟ್ಟು ಸಿಕ್ಕರೆ ಆರಿಸಬೇಡಿ. ದಾರ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ. ಯಾವುದು ಯಾವುದರ ಮೇಲಿತ್ತು ಅಂತ ಬರೆದಿಡಿ. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಲೆಕ್ಕದ ಚೀಟಿಗಳನ್ನೂ ತನ್ನಿ, ಹಾಗೇ ತನ್ನಿ.