ಸಡಿಲವಾಗಿದ್ದು ಹಲ್ಲಿನ ಸೆಟ್ಟಲ್ಲ, ದವಡೆ

ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರು ಕೆಲವು ವರ್ಷ ಕಳೆದ ಮೇಲೆ ಒಂದು ದೂರು ಹೇಳುತ್ತಾರೆ: "ಮೊದಲು ಗಟ್ಟಿಯಾಗಿ ಕೂರುತ್ತಿತ್ತು, ಈಗ ಲೂಸ್ ಆಗಿದೆ." ಸೆಟ್ಟು ಹಿಗ್ಗಿತು ಅಂತಲೇ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ಅದು ಹೆಚ್ಚೂಕಡಿಮೆ ಮಾಡಿಸಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಬದಲಾಗಿರುವುದು ಅದು ಕೂತಿರುವ ಜಾಗ.

ಅಂಟಿಲ್ಲ, ಸ್ಕ್ರೂ ಇಲ್ಲ. ಪೂರ್ತಿ ಸೆಟ್ಟು ಬಾಯಲ್ಲಿ ನಿಲ್ಲುವುದಾದರೂ ಹೇಗೆ? ಮುಖ್ಯವಾಗಿ ಎಂಜಲಿನಿಂದ. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬಿಡಿಸಲು ನೋಡಿ. ಪಕ್ಕಕ್ಕೆ ಜಾರುತ್ತವೆ, ಮೇಲಕ್ಕೆ ಎತ್ತಲು ಮಾತ್ರ ಬರುವುದಿಲ್ಲ. ವಸಡಿಗೂ ಸೆಟ್ಟಿಗೂ ನಡುವೆ ಇರುವ ಎಂಜಲಿನ ತೆಳು ಪದರವೂ ಇದೇ ಕೆಲಸ ಮಾಡುತ್ತದೆ. ಸೆಟ್ಟಿನ ಅಂಚು ಸುತ್ತಲೂ ಸರಿಯಾಗಿ ಕೂತಿದ್ದರೆ ಒಳಗೆ ಗಾಳಿ ನುಗ್ಗುವುದಿಲ್ಲ. ಆಗ ಹೊರಗಿನ ಗಾಳಿಯ ಒತ್ತಡವೂ ಅದನ್ನು ಒತ್ತಿ ಹಿಡಿಯುತ್ತದೆ. ಈ ಉಪಾಯ ಕೈಗೆ ಸಿಗುವ ಮೊದಲು ಸ್ಪ್ರಿಂಗೇ ಗತಿಯಾಗಿತ್ತು. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವರ ಮನೆಯಾಗಿದ್ದ ಮೌಂಟ್ ವೆರ್ನನ್‌ನಲ್ಲಿ ಇಂದಿಗೂ ಇರುವ ಅವರ ಸೆಟ್ಟಿನಲ್ಲಿ ಸೀಸ, ದಂತ, ಮನುಷ್ಯರ ಹಲ್ಲು, ಜೊತೆಗೆ ಮೇಲಿನದನ್ನೂ ಕೆಳಗಿನದನ್ನೂ ದೂಡಿ ಹಿಡಿಯುವ ಸ್ಪ್ರಿಂಗುಗಳಿವೆ. ಅವರದು ಮರದ ಹಲ್ಲು ಎನ್ನುವುದು ಬರೀ ಕಟ್ಟುಕಥೆ.

ಎಂಜಲು ಕಮ್ಮಿಯಾದರೆ ಹಿಡಿತವೂ ಕಮ್ಮಿ. ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಹೊಸ ಮಾತ್ರೆ ಶುರುವಾದ ಮೇಲೆ ಸೆಟ್ಟು ಜಾರತೊಡಗಿದರೆ ಡಾಕ್ಟರಿಗೆ ಅದನ್ನೂ ಹೇಳಬೇಕು.

ಈಗ ದವಡೆಯ ಮಾತು. ಹಲ್ಲಿನ ಬೇರು ಕೂತಿರುವ ಮೂಳೆಯ ದಿಬ್ಬ ಇರುವುದೇ ಹಲ್ಲಿಗಾಗಿ. ಅಗಿಯುವಾಗ ಬೇರಿನ ಮೂಲಕ ಬರುವ ಒತ್ತಡ ಆ ಮೂಳೆಯನ್ನು ಉಳಿಸುತ್ತದೆ. ಹಲ್ಲು ಕಿತ್ತ ಮೇಲೆ ಕೆಲಸವಿಲ್ಲದ ಮೂಳೆಯನ್ನು ದೇಹ ಕರಗಿಸತೊಡಗುತ್ತದೆ. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ. ನಿಲ್ಲುವುದಂತೂ ಇಲ್ಲ. ಟಾಲ್‌ಗ್ರೆನ್ ಎಂಬ ದಂತ ವಿಜ್ಞಾನಿ ಸೆಟ್ಟು ಧರಿಸಿದವರನ್ನು 25 ವರ್ಷ ಗಮನಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳ ದವಡೆ ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆದಿತ್ತು. ಕೆಳಗಿನ ಸೆಟ್ಟೇ ಜಾಸ್ತಿ ಕಾಡುವುದಕ್ಕೆ ಇದೂ ಒಂದು ಕಾರಣ. ಮೇಲಿನದಕ್ಕೆ ಅಂಗುಳದ ಅಗಲ ಜಾಗ ಸಿಗುತ್ತದೆ. ಕೆಳಗಿನದಕ್ಕೆ ಕುದುರೆ ಲಾಳದ ಆಕಾರದ ಕಿರಿದಾದ ದಿಬ್ಬವಷ್ಟೇ, ಅದರ ಪಕ್ಕದಲ್ಲೇ ಸುಮ್ನೆ ಕೂರದ ನಾಲಿಗೆ.

ಹಾಗಾಗಿ ಸೆಟ್ಟು ಲೂಸ್ ಆದರೆ ಅಂಟಿಸುವ ಪೇಸ್ಟ್ ಹಚ್ಚಿಕೊಂಡು ವರ್ಷಗಟ್ಟಲೆ ದಿನ ದೂಡುವುದು ನನಗೆ ಸರಿ ಕಾಣುವುದಿಲ್ಲ. ಅಲುಗಾಡುವ ಸೆಟ್ಟು ವಸಡನ್ನು ತಿಕ್ಕಿ ಹುಣ್ಣು ಮಾಡುತ್ತದೆ. ಸತು ಇರುವ ಪೇಸ್ಟನ್ನು ಮಿತಿಮೀರಿ ಬಳಸಿದ ಕೆಲವರಿಗೆ ದೇಹದಲ್ಲಿ ತಾಮ್ರದ ಅಂಶ ಕುಸಿದು, ನರಗಳಿಗೇ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹಲ್ಲಿನ ಡಾಕ್ಟರು ಸೆಟ್ಟಿನ ಒಳಮೈಗೆ ಹೊಸ ಪದರ ಹಾಕಿ ಈಗಿನ ದವಡೆಗೆ ಕೂರುವಂತೆ ಮಾಡಬಲ್ಲರು. ರಿಲೈನಿಂಗ್ ಎನ್ನುತ್ತಾರೆ. ಅದಕ್ಕೂ ಸರಿಹೋಗದಿದ್ದರೆ ಹೊಸ ಸೆಟ್ಟೇ ಬೇಕು.

ಇನ್ನು ತೊಳೆಯುವುದು. ಇಂದಿನ ಸೆಟ್ಟುಗಳ ಗುಲಾಬಿ ಭಾಗ ಸಾಮಾನ್ಯವಾಗಿ ಅಕ್ರಿಲಿಕ್. 1930ರ ದಶಕದ ಕೊನೆಯಲ್ಲಿ ಬಳಕೆಗೆ ಬಂದು, ಅದುವರೆಗಿನ ಗಡುಸು ರಬ್ಬರನ್ನು ಮೂಲೆಗೆ ತಳ್ಳಿದ ಪ್ಲಾಸ್ಟಿಕ್ ಅದು. ನೋಡಲು ನುಣುಪು, ಆದರೆ ನಿಜವಾದ ಹಲ್ಲಿಗಿಂತ ಬಹಳ ಮೆತ್ತಗಿನ ವಸ್ತು. ಟೂತ್‌ಪೇಸ್ಟಿನಲ್ಲಿರುವ ತರಿ ಹಲ್ಲಿಗೆ ತೊಂದರೆ ಮಾಡದಿದ್ದರೂ ಅಕ್ರಿಲಿಕ್ ಮೇಲೆ ಗೀರು ಬೀಳಿಸುತ್ತದೆ. ಗೀರುಗಳಲ್ಲಿ ಪಾಚಿ ಕೂರುತ್ತದೆ. ಮೆತ್ತನೆಯ ಬ್ರಷ್ಷು ಮತ್ತು ಸೌಮ್ಯವಾದ ಸೋಪು ಅಥವಾ ಪಾತ್ರೆ ತೊಳೆಯುವ ದ್ರವ ಸಾಕು. ಬೇಸಿನ್ನಿನಲ್ಲಿ ನೀರು ತುಂಬಿಸಿಕೊಂಡೋ ಟವೆಲ್ ಹಾಸಿಕೊಂಡೋ ತೊಳೆಯಿರಿ. ಸೆಟ್ಟು ಮುರಿಯುವುದು ಅಗಿಯುವಾಗ ಮಾತ್ರವಲ್ಲ, ಕೈಜಾರಿ ಬಿದ್ದೂ ಮುರಿಯುತ್ತದೆ. ಕುದಿನೀರು ಬೇಡವೇ ಬೇಡ, ಆಕಾರ ಕೆಡುತ್ತದೆ. ತೆಗೆದಿಟ್ಟಾಗ ಒಣಗಲು ಬಿಡದೆ ನೀರಿನಲ್ಲಿ ಇಡಬೇಕು. ನೀರಿನಲ್ಲಿ ನೊರೆ ಬರಿಸುವ ಮಾತ್ರೆ ಒಳ್ಳೆಯದೇ, ಆದರೆ ಅದು ಬ್ರಷ್ಷಿನ ಕೆಲಸ ತಪ್ಪಿಸುವುದಿಲ್ಲ. ನೆನೆಸಿದ ಸೆಟ್ಟನ್ನು ಚೆನ್ನಾಗಿ ಜಾಲಿಸಿಯೇ ಬಾಯಿಗೆ ಹಾಕಬೇಕು. ಲೋಹದ ಕೊಂಡಿಗಳಿರುವ ಸೆಟ್ಟಾದರೆ ಬ್ಲೀಚಿನ ಹತ್ತಿರವೂ ಒಯ್ಯಬೇಡಿ.

ರಾತ್ರಿ ತೆಗೆಯಬೇಕೋ ಬೇಡವೋ ಎಂಬಲ್ಲಿ ಹಲವರು ಹಟ ಮಾಡುತ್ತಾರೆ. ಹಲ್ಲಿಲ್ಲದ ಮುಖ ಮನೆಯವರಿಗೂ ಕಾಣಬಾರದು ಎಂಬ ಸಂಕೋಚ, ಅರ್ಥವಾಗುವಂಥದ್ದೇ. ಆದರೆ ಹಗಲಿಡೀ ಒತ್ತಿಸಿಕೊಂಡ ವಸಡಿಗೆ ಬಿಡುವು ಬೇಕು, ಅಲ್ವಾ? ಸೆಟ್ಟಿನ ಅಡಿ ಬೆಚ್ಚಗೆ, ತೇವವಾಗಿ, ಎಂಜಲು ಹರಿದಾಡದೆ ಇರುವ ಜಾಗ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅಂಗುಳ ಕೆಂಪಾಗುತ್ತದೆ. ನೋವಿಲ್ಲದ ಕಾರಣ ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 85 ದಾಟಿದ 524 ಜನರನ್ನು ಗಮನಿಸಿತ್ತು. ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು 2.3 ಪಟ್ಟು ಹೆಚ್ಚಿತ್ತು. ಸೆಟ್ಟೇ ಕಾರಣ ಎಂದು ಅಷ್ಟರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ಬಾಯಿಯ ಕ್ರಿಮಿಗಳು ನಿದ್ದೆಯಲ್ಲಿ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯಬಲ್ಲವು. ಸೆಟ್ಟು ತೆಗೆದಾಗ ವಸಡು, ಅಂಗುಳ, ನಾಲಿಗೆಯನ್ನೂ ಮೆತ್ತಗೆ ಉಜ್ಜಿ ತೊಳೆಯಬೇಕು.

ಹೊಸದಾಗಿ ಹಾಕಿಸಿಕೊಂಡವರಿಗೆ ಬಾಯಿ ತುಂಬಾ ಎಂಜಲು ಬರುತ್ತದೆ. ಸೆಟ್ಟನ್ನು ಆಹಾರ ಎಂದು ಬಾಯಿ ತಿಳಿಯುವುದೇ ಕಾರಣ. ಕೆಲವು ವಾರಗಳಲ್ಲಿ ತಗ್ಗುತ್ತದೆ. ಮಾತು ತೊದಲಿದರೆ ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿ. ಸಣ್ಣ ತುತ್ತು, ಎರಡೂ ಕಡೆ ಅಗಿಯುವುದು ಒಳ್ಳೆಯದು. ಪೂರ್ತಿ ಸೆಟ್ಟಿನ ಕಡಿತದ ಬಲ ಸ್ವಂತ ಹಲ್ಲಿನದಕ್ಕಿಂತ ಬಹಳ ಕಮ್ಮಿ ಎಂಬುದು ನೆನಪಿರಲಿ. ಅಂಗುಳ ಮುಚ್ಚಿರುವುದರಿಂದ ಬಿಸಿಯೂ ತಡವಾಗಿ ತಿಳಿಯುತ್ತದೆ, ಗಂಟಲು ಸುಟ್ಟ ಮೇಲೆ!

ಸೆಟ್ಟು ಚುಚ್ಚಿದರೆ ಉಪ್ಪುಕಾಗದದಿಂದ ಉಜ್ಜುವುದು, ಮುರಿದರೆ ಅಂಗಡಿಯ ಗೋಂದಿನಿಂದ ಅಂಟಿಸುವುದು, ಇವೆರಡೂ ಆಮೇಲೆ ರಿಪೇರಿ ಮಾಡುವವರ ಕೆಲಸ ಕೆಡಿಸುತ್ತವೆ. ಹುಣ್ಣು 2 ವಾರದಲ್ಲಿ ವಾಸಿಯಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಬಾಯಿ ಕ್ಯಾನ್ಸರ್ ಕೆಲವೊಮ್ಮೆ ಹಾಗೇ ಶುರುವಾಗುತ್ತದೆ. ತೋರಿಸಲು ಹೋಗುವಾಗ ಸೆಟ್ಟನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಸೆಟ್ಟು ಎಲ್ಲಿ ಒತ್ತುತ್ತಿದೆ ಎಂದು ಅವರಿಗೆ ಗೊತ್ತಾಗುವುದು ಅದನ್ನು ಬಾಯಲ್ಲಿ ಕೂರಿಸಿ ನೋಡಿದಾಗಲೇ.