ವಿಟಮಿನ್ನೂ ಮಾತ್ರೆಯೇ, ದಯವಿಟ್ಟು ಹೇಳಿ

ಐವತ್ತು ದಾಟಿದ ಗಂಡಸರನ್ನು ‘ಯಾವ ಯಾವ ಮಾತ್ರೆ ನುಂಗುತ್ತೀರಿ?’ ಎಂದು ಕೇಳಿದರೆ ಬಿಪಿ, ಸಕ್ಕರೆಯ ಮಾತ್ರೆಗಳನ್ನು ಹೇಳಿ ನಿಲ್ಲಿಸುತ್ತಾರೆ. ವಿಟಮಿನ್ ಅವರ ಲೆಕ್ಕಕ್ಕೇ ಬರುವುದಿಲ್ಲ. ಮೂತ್ರರೋಗ ತಜ್ಞನಾದ ನನಗೆ ಇದರಷ್ಟು ಬೇಸರ ತರಿಸುವ ವಿಷಯ ಬೇರೆ ಇಲ್ಲ.

ಈಚೆಗೆ ಬಂದಿದ್ದ ನಿವೃತ್ತ ಮೇಷ್ಟರೊಬ್ಬರು ‘ನಾನು ಮಾತ್ರೆ ಮುಟ್ಟುವವನೇ ಅಲ್ಲ ಡಾಕ್ಟರೇ’ ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ಮಾತಿಲ್ಲದೆ ಕೈಚೀಲದ ಜಿಪ್ ಎಳೆದು ಹಸಿರು ಕ್ಯಾಪ್ಸೂಲ್‌ಗಳ ಸ್ಟ್ರಿಪ್ ಒಂದನ್ನು ಮೇಜಿನ ಮೇಲಿಟ್ಟರು. ವಿಟಮಿನ್ ಇ, 400 ಮಿಲಿಗ್ರಾಂ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆಂದು ಶುರುವಾದದ್ದು. ನೋವು ಹೋಗಿ ವರ್ಷಗಳಾದರೂ ಕ್ಯಾಪ್ಸೂಲ್ ನಿಂತಿರಲಿಲ್ಲ. ‘ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದಲ್ಲ?’ ಎಂದು ಕೇಳಿದರು. ಬಿ ಮತ್ತು ಸಿ ಬಹುಮಟ್ಟಿಗೆ ಹಾಗೆ ಹೋಗುತ್ತವೆ. ಇ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲೇ ಉಳಿಯುತ್ತದೆ. ದಿನಕ್ಕೆ ಬೇಕಾಗುವುದು 15 ಮಿಲಿಗ್ರಾಂ ಒಳಗೆ. ಶೇಂಗಾ, ಸೂರ್ಯಕಾಂತಿ ಎಣ್ಣೆ ತಿನ್ನುವ ಮನೆಯಲ್ಲಿ ಅದಕ್ಕೆ ಕೊರತೆ ಬರುವುದು ಅಪರೂಪ.

ಹೆಚ್ಚು ಕಡಿಮೆ ಇದೇ ಪ್ರಮಾಣವನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದ್ದಾರೆ. ಅದಕ್ಕೂ ಮೊದಲು ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ 50 ಮಿಲಿಗ್ರಾಂ ಕೊಟ್ಟಾಗ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಕಡಿಮೆಯಾದಂತೆ ಕಂಡಿತ್ತು. ಆ ಆಸೆಯಿಂದಲೇ 2001ರಲ್ಲಿ ಅಮೆರಿಕ, ಕೆನಡಾ, ಪೋರ್ಟೊರಿಕೊಗಳಲ್ಲಿ ‘ಸೆಲೆಕ್ಟ್’ ಅಧ್ಯಯನ ಆರಂಭವಾಯಿತು. 35,000ಕ್ಕೂ ಹೆಚ್ಚು ಜನ. ಯಾರಿಗೆ ವಿಟಮಿನ್ ಇ, ಯಾರಿಗೆ ಸೆಲೆನಿಯಂ ಎಂಬ ಖನಿಜ, ಯಾರಿಗೆ ಎರಡೂ, ಯಾರಿಗೆ ಔಷಧವೇ ಇಲ್ಲದ ಹುಸಿಮಾತ್ರೆ ಎಂಬುದು ವೈದ್ಯರ ಆಯ್ಕೆಯಲ್ಲ, ಚೀಟಿ ಎತ್ತಿದಂತೆ. ಲಾಭವೇನೂ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು, ಆದರೆ ಅವರ ಆರೋಗ್ಯವನ್ನು ಗಮನಿಸುತ್ತಲೇ ಇದ್ದರು. 2011ರಲ್ಲಿ ಲೆಕ್ಕ ಹೊರಬಂತು: ಇ ಮಾತ್ರ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು.

ಎಲ್ಲರೂ ಎಡವುವುದು ಈ ಶೇ 17ರಲ್ಲಿ. ನುಂಗಿದ ನೂರರಲ್ಲಿ 17 ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಸಾವಿರ ಗಂಡಸರನ್ನು ಏಳು ವರ್ಷ ನೋಡಿದರೆ, ಹುಸಿಮಾತ್ರೆಯವರಲ್ಲಿ 65 ಮಂದಿಗೆ ಬಂತು, ವಿಟಮಿನ್ ಇ ನುಂಗಿದವರಲ್ಲಿ 76 ಮಂದಿಗೆ. ಸಾವಿರಕ್ಕೆ 11 ಹೆಚ್ಚು. ಆ 11 ಮಂದಿ ಯಾರೆಂದು ಯಾವ ಪರೀಕ್ಷೆಯೂ ಹೇಳಲಾರದು. ಆದ್ದರಿಂದ ಒಬ್ಬ ರೋಗಿಯನ್ನು ಕೂರಿಸಿಕೊಂಡು ‘ನಿಮ್ಮದು ಕ್ಯಾಪ್ಸೂಲಿನಿಂದಲೇ ಬಂದದ್ದು’ ಎಂದು ನಾನು ಹೇಳುವುದಿಲ್ಲ. ಅಪಾಯ ಸಣ್ಣದೇ ಹೌದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ? ಕೊರತೆಯಿಲ್ಲದ ಗಂಡಸಿಗೆ ಏನೂ ಇಲ್ಲ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ‘ಹಾಗಾದರೆ ವಾರಕ್ಕೆರಡು ತೆಗೆದುಕೊಳ್ಳಲೇ?’ ಎಂದು ಕೇಳುತ್ತಾರೆ!

ಮಕ್ಕಳು ಅಮೆರಿಕದಿಂದ ಕಳಿಸುವ ‘ಗಂಡಸರ ಆರೋಗ್ಯ’ದ ಡಬ್ಬಗಳದ್ದು ಇನ್ನೊಂದು ಕಥೆ. ಅಪ್ಪನ ಮೇಲಿನ ಪ್ರೀತಿಯಿಂದ ಕಳಿಸುತ್ತಾರೆ, ಅದು ನನಗೆ ಗೊತ್ತು. ಆದರೂ ಲೇಬಲ್ಲಿನಲ್ಲಿ ಸೆಲೆನಿಯಂ ಎಷ್ಟಿದೆ ಎಂದು ಒಮ್ಮೆ ಓದಿ. ಸೆಲೆಕ್ಟ್ ಅಧ್ಯಯನದಲ್ಲೇ, ಮೈಯಲ್ಲಿ ಮೊದಲೇ ಸಾಕಷ್ಟು ಸೆಲೆನಿಯಂ ಇದ್ದವರಿಗೆ ಮೇಲಿಂದ ದಿನಕ್ಕೆ 200 ಮೈಕ್ರೋಗ್ರಾಂ ಕೊಟ್ಟಾಗ ಉಗ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯ ಸುಮಾರು ದುಪ್ಪಟ್ಟಾಯಿತು.

ಇದನ್ನು ಓದಿ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಕಸದ ಬುಟ್ಟಿಗೆ ಹಾಕಬೇಡಿ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ನುಂಗುವವರಿಗೆ ಬಿ12 ಬೇಕಾಗಬಹುದು. ರಕ್ತಪರೀಕ್ಷೆಯಲ್ಲಿ ಡಿ ಕೊರತೆ ಕಂಡವರಿಗೆ ಅದನ್ನು ಕೊಡಲೇಬೇಕು. ಲಿವರಿನ ಕೊಬ್ಬಿಗೆಂದು ಕೆಲವರಿಗೆ ವೈದ್ಯರೇ ವಿಟಮಿನ್ ಇ ಬರೆಯುತ್ತಾರೆ; ಅಂಥವರು ತಾವಾಗಿ ನಿಲ್ಲಿಸದೆ ಬರೆದವರನ್ನೇ ಕೇಳಬೇಕು. ಯಾರೂ ಬರೆದುಕೊಡದೆ ವಿಟಮಿನ್ ಇಯನ್ನು ಔಷಧಿ ಅಂಗಡಿಯಿಂದ ತಂದು ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಬಹುದು, ಮೆಲ್ಲಮೆಲ್ಲನೆ ಬಿಡುವ ಅಗತ್ಯವಿಲ್ಲ. ವರ್ಷಗಟ್ಟಲೆ ನುಂಗಿದ್ದೇನೆಂದು ಗಾಬರಿಬಿದ್ದು ಬಯಾಪ್ಸಿಗೆ ಓಡಿ ಬರಬೇಕಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಬೇಕೇ ಎಂಬುದನ್ನು ವಯಸ್ಸು, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂಬುದನ್ನು ನೋಡಿ ನಿಮ್ಮ ವೈದ್ಯರೊಂದಿಗೆ ಕೂತು ತೀರ್ಮಾನಿಸಿ. ಮಾಡಿಸುವುದಾದರೆ, ಕೂದಲಿಗೆಂದು ಬಯೋಟಿನ್ ಎಂಬ ಬಿ ವಿಟಮಿನ್ ನುಂಗುತ್ತಿದ್ದೀರಾ ಎಂಬುದನ್ನು ರಕ್ತ ಕೊಡುವ ಮೊದಲೇ ತಿಳಿಸಿ. ದೊಡ್ಡ ಪ್ರಮಾಣದ ಬಯೋಟಿನ್ ಇದ್ದರೆ ಕೆಲವು ಪರೀಕ್ಷಾ ವಿಧಾನಗಳಲ್ಲಿ ಪಿಎಸ್‌ಎ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.