ವಿಲಿಯಂ ಜೇಮ್ಸ್‌ಗೆ ಕೆಲಸ ಸಿಕ್ಕಿದ್ದು

ಅಮೆರಿಕದಲ್ಲಿ ಮನೋವಿಜ್ಞಾನಕ್ಕೆ ಬುನಾದಿ ಹಾಕಿದವರು ವಿಲಿಯಂ ಜೇಮ್ಸ್. 30 ವರ್ಷವಾದರೂ ಅವರಿಗೊಂದು ನೆಲೆಯಾದ ಕೆಲಸ ಇರಲಿಲ್ಲ.

ಹುಟ್ಟಿದ್ದು 1842ರಲ್ಲಿ, ನ್ಯೂಯಾರ್ಕಿನಲ್ಲಿ. ಅಜ್ಜ ಮಾಡಿಟ್ಟ ಆಸ್ತಿಯಿಂದಾಗಿ ಅಪ್ಪನಿಗೆ ದುಡಿಯುವ ಕಷ್ಟವಿರಲಿಲ್ಲ. ಮಕ್ಕಳನ್ನು ಜಿನೀವಾ, ಪ್ಯಾರಿಸ್, ಬಾನ್ ಅಂತ ಸುತ್ತಿಸಿ, ಶಾಲೆಯ ಮೇಲೆ ಶಾಲೆ ಬದಲಿಸಿದರು. ಆ ಅಭ್ಯಾಸ ಮಗನಿಗೂ ಬಂತೋ ಏನೋ! ಚಿತ್ರಕಲೆ ಕಲಿಯಲು ಹೋದರು, ಅದನ್ನೂ ಬಿಟ್ಟರು. 1861ರಲ್ಲಿ ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರ, 1864ರಲ್ಲಿ ವೈದ್ಯಕೀಯ. ಮಧ್ಯೆ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ತಂಡದ ಜೊತೆ ಬ್ರೆಜಿಲ್‌ಗೆ ಹೋಗಿ ಮೀನು ಸಂಗ್ರಹಿಸಿದರು, ಕಾಯಿಲೆ ಬಿದ್ದರು, ಇದೂ ತನ್ನ ಕೆಲಸವಲ್ಲ ಅಂದುಕೊಂಡರು. 1869ರಲ್ಲಿ ಎಂ.ಡಿ. ಪದವಿಯೇನೋ ಬಂತು. ವೈದ್ಯರಾಗಿ ಕೆಲಸ ಮಾಡಲೇ ಇಲ್ಲ.

ದುಡ್ಡಿದ್ದವರ ಮಗನ ಚಂಚಲತೆ ಅನ್ನಿಸಬಹುದು. ಆದರೆ ಒಳಗೆ ಅವರು ಕುಸಿಯುತ್ತಿದ್ದರು. ಬೆನ್ನುನೋವು, ಕಣ್ಣಿನ ತೊಂದರೆ, ಆತ್ಮಹತ್ಯೆಯ ಯೋಚನೆ. ಓದಿದ ವಿಜ್ಞಾನವೂ ಕಾಡುತ್ತಿತ್ತು. ಮನಸ್ಸು ಬರೀ ನರಗಳ ಆಟವಾದರೆ ತಾನು ಹಟ ಹಿಡಿದು ಪ್ರಯತ್ನಿಸಿ ಏನು ಬಂತು? ಒಂದು ಸಂಜೆ ಕತ್ತಲ ಕೋಣೆಗೆ ಕಾಲಿಟ್ಟಾಗ, ಹಿಂದೆ ಆಸ್ಪತ್ರೆಯಲ್ಲಿ ನೋಡಿದ್ದ ಮೂರ್ಛೆರೋಗಿಯೊಬ್ಬ ಥಟ್ಟನೆ ನೆನಪಾದ. ಹಸಿರುಗಟ್ಟಿದ ಚರ್ಮದ ಹುಡುಗ. ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ದಿನವಿಡೀ ಗೋಡೆಯ ಹಲಗೆಯಂಥ ಬೆಂಚಿನ ಮೇಲೆ ಕೂತಿರುತ್ತಿದ್ದ. ನಾನೂ ಹೀಗೆಯೇ ಆಗಬಹುದಲ್ಲ ಎಂಬ ಭಯ ಎದೆಯೊಳಗೆ ಇಳಿಯಿತು. ಅದಾದ ಮೇಲೆ ತಿಂಗಳುಗಟ್ಟಲೆ ಒಬ್ಬರೇ ಕತ್ತಲಿಗೆ ಹೋಗಲು ಆಗಲಿಲ್ಲ. 1902ರ ಪುಸ್ತಕದಲ್ಲಿ ಇದನ್ನು ಯಾರೋ ಫ್ರೆಂಚ್ ವ್ಯಕ್ತಿಯ ಅನುಭವ ಅಂತ ಬರೆದರು. ಅದು ತನ್ನದೇ ಅಂತ ಆಮೇಲೆ ಒಪ್ಪಿಕೊಂಡರು.

1870ರ ಏಪ್ರಿಲ್ 30ರಂದು ಡೈರಿಯಲ್ಲಿ ಒಂದು ನಿರ್ಧಾರ ಬರೆದರು. ಹಿಂದಿನ ದಿನ ಫ್ರೆಂಚ್ ತತ್ವಜ್ಞಾನಿ ರೆನೂವಿಯೆಯನ್ನು ಓದಿದ್ದರು. ಬೇರೆ ಯೋಚನೆ ಮಾಡಲು ಸಾಧ್ಯವಿದ್ದಾಗಲೂ ಒಂದನ್ನೇ ಆರಿಸಿ ಹಿಡಿದುಕೊಳ್ಳುತ್ತೇವಲ್ಲ, ಅದೇ ಇಚ್ಛಾಸ್ವಾತಂತ್ರ್ಯ ಅಂತ ಆತ ಹೇಳಿದ್ದ. ಹಾಗಾದರೆ ಸ್ವಾತಂತ್ರ್ಯ ಇದೆ ಎಂದು ನಂಬುವುದೇ ನನ್ನ ಮೊದಲ ಸ್ವತಂತ್ರ ಕೆಲಸ ಅಂದರು ಜೇಮ್ಸ್.

ಈ ನಿರ್ಧಾರದಿಂದಲೇ ಅವರು ಚೇತರಿಸಿಕೊಂಡರು ಅಂತ ಜನಪ್ರಿಯ ಕಥೆ ಇಲ್ಲಿಗೇ ನಿಲ್ಲುತ್ತದೆ. ನನಗಿದು ಅರೆಬರೆ ಅನ್ನಿಸುತ್ತದೆ. ಡೈರಿ ಬರೆದ ಮಾತ್ರಕ್ಕೆ ಖಿನ್ನತೆ ಓಡಿಹೋಗುತ್ತದಾ? ಜೇಮ್ಸ್ ಮತ್ತೆ ಎರಡು ವರ್ಷ ಒದ್ದಾಡಿದರು. 1872ರಲ್ಲಿ ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಶರೀರಕ್ರಿಯಾಶಾಸ್ತ್ರದ ಪಾಠ ಮಾಡಲು ಕರೆದರು. ಈ ಎಲಿಯಟ್, ಹಿಂದೆ ಜೇಮ್ಸ್‌ಗೆ ರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರೇ. ತನ್ನ ಮನಸ್ಸನ್ನೇ ಕೆದಕುತ್ತ ಕೂರುವ ಬದಲು ಮನುಷ್ಯರ ಜೊತೆ ವ್ಯವಹರಿಸುವ ಕೆಲಸ ಸಿಕ್ಕಿತು ಅಂತ ತಮ್ಮನಾದ ಹೆನ್ರಿಗೆ ಖುಷಿಯಿಂದ ಬರೆದರು. 1873ರ ಮಾರ್ಚ್ ಹೊತ್ತಿಗೆ, ಮಗ ಬದಲಾಗಿದ್ದಾನೆ ಅಂತ ಅಪ್ಪನೂ ಹೆನ್ರಿಗೆ ಬರೆದರು.

1875ರಿಂದ ಮನೋವಿಜ್ಞಾನದ ಪಾಠ ಶುರುವಾಯಿತು. 1878ರಲ್ಲಿ ಪ್ರಕಾಶಕರೊಬ್ಬರಿಗೆ ಬರೆದುಕೊಡುವುದಾಗಿ ಒಪ್ಪಿಕೊಂಡ ಮನೋವಿಜ್ಞಾನದ ಪುಸ್ತಕ ಹೊರಬರಲು 12 ವರ್ಷ ಹಿಡಿಯಿತು. ಅದರಲ್ಲಿ ಅಭ್ಯಾಸದ ಕುರಿತ ಅಧ್ಯಾಯವೊಂದಿದೆ: ಒಳ್ಳೆಯ ನಿರ್ಧಾರ ಮಾಡಿದರೆ ಸಾಲದು, ಸಿಕ್ಕ ಮೊದಲ ಅವಕಾಶದಲ್ಲೇ ಅದನ್ನು ಮಾಡಿಬಿಡಿ ಅನ್ನುತ್ತಾರೆ. ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಮಾತ್ರ, ಈ ಪುಸ್ತಕದಿಂದ ಸಾಬೀತಾಗುವುದು ಎರಡೇ ಅಂದಿದ್ದರು. ಒಂದು, ಮನೋವಿಜ್ಞಾನ ಅನ್ನುವ ವಿಜ್ಞಾನವೇ ಇಲ್ಲ. ಎರಡು, ಇದನ್ನು ಬರೆದವನು ಅಸಮರ್ಥ.